ದೇವರ ಸಮಯಕ್ಕೆ ಕಾಯುವುದು ಅಂದರೆ ದಿನವೂ ಮಾಡಬೇಕಾದ್ದೇನು?

ಹಿಂಗಾರು

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ಪ್ರಾರ್ಥನೆಗೆ ವರ್ಷಗಟ್ಟಲೆ ಉತ್ತರ ಕಾಣದವರಿಗೆ ಸಭೆಯಲ್ಲಿ ಸಿಗುವ ಮಾತು ಹೆಚ್ಚುಕಡಿಮೆ ಒಂದೇ: "ದೇವರ ಸಮಯಕ್ಕೆ ಕಾಯಿರಿ." ಮಾತು ಸತ್ಯವೇ. ಆದರೆ ಅದನ್ನು ಕೇಳಿ ಮನೆಗೆ ಹೋದವರು ಮರುದಿನ ಬೆಳಿಗ್ಗೆ ಮೊಣಕಾಲೂರಿದಾಗ ಏನು ಮಾಡಬೇಕು ಅನ್ನುವುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಅದೇ ವಿಜ್ಞಾಪನೆಯನ್ನು ಮತ್ತೆ ಇಡಬೇಕೋ, ಇಟ್ಟರೆ ಅಪನಂಬಿಕೆ ಆಗುತ್ತದೋ? ತಡವಾಗುತ್ತಿದೆಯೋ, ಇಲ್ಲ ಉತ್ತರವೇ "ಬೇಡ" ಎಂದಿದೆಯೋ, ತಿಳಿಯುವುದು ಹೇಗೆ? ಸಾಕ್ಷಿ ಹೇಳಲು ಬೇರೆ ಜಾಗ ಇದೆ. ಇಲ್ಲಿ ವಚನ, ಅದರ ಸಂದರ್ಭ, ದಿನನಿತ್ಯದ ಅಭ್ಯಾಸ ಇಷ್ಟನ್ನೇ ಬರೆಯಿರಿ ಅಂತ ಕೇಳಿಕೊಳ್ಳುತ್ತೇನೆ.

ಬೆರೋಯದ ಓದುಗ

ಒಳ್ಳೆಯ ಪ್ರಶ್ನೆ. ಕಾಯುವುದಕ್ಕೆ ಮುಂಚೆ ಏನಕ್ಕೆ ಕಾಯುತ್ತಿದ್ದೇವೆ ಅನ್ನುವುದು ಸ್ಪಷ್ಟವಾಗಬೇಕು. ಕೇಳುತ್ತಿರುವುದನ್ನು ಒಂದೇ ವಾಕ್ಯದಲ್ಲಿ ಕಾಗದದ ಮೇಲೆ ಬರೆಯಿರಿ. ಅದರ ಕೆಳಗೆ, ಇದು ದೇವರು ವಿಶ್ವಾಸಿಗಳೆಲ್ಲರಿಗೂ ಕೊಟ್ಟ ವಾಗ್ದಾನವೋ ಅಥವಾ ನನ್ನ ಆಸೆಯೋ ಅನ್ನುವುದನ್ನು ಬರೆಯಿರಿ. ಪಾಪಕ್ಷಮೆ (1 ಯೋಹಾನ 1:9), ಜ್ಞಾನ (ಯಾಕೋಬ 1:5), ಪವಿತ್ರಾತ್ಮ (ಲೂಕ 11:13), ನಿನ್ನನ್ನು ಕೈಬಿಡುವುದಿಲ್ಲ ಅನ್ನುವ ಮಾತು (ಇಬ್ರಿಯ 13:5) ಇವು ವಾಗ್ದಾನಗಳು. ಇಂಥವರೊಂದಿಗೇ ಮದುವೆ, ಇದೇ ಕೆಲಸ, ಇದೇ ವರ್ಷ ಅನ್ನುವುದು ಆಸೆ. ಆಸೆ ಅಂದರೆ ಕೀಳಲ್ಲ. ಹನ್ನಳು ಮಗುವಿಗಾಗಿ ಅತ್ತಾಗ ಅವಳ ಕೈಯಲ್ಲಿ ವಾಗ್ದಾನ ಇರಲಿಲ್ಲ, ಬರೀ ಆಸೆ ಇತ್ತು. ದೇವರು ಕೇಳಿದರು. ಆದರೆ ಎರಡಕ್ಕೂ ಕಾಯುವ ರೀತಿ ಬೇರೆ. ವಾಗ್ದಾನಕ್ಕೆ ಕಾಯುವಾಗ "ಇದು ಆಗುತ್ತದೆ" ಅನ್ನಬಹುದು. ಆಸೆಗೆ ಕಾಯುವಾಗ "ಆದರೂ ಆಗದಿದ್ದರೂ ಆತನು ನನ್ನನ್ನು ಬಿಡುವುದಿಲ್ಲ" ಅನ್ನುವಷ್ಟೇ ಗಟ್ಟಿ. ನಮ್ಮಲ್ಲಿ ಮನಮುರಿಯುವ ಬಹುಪಾಲು ಜನ ಆಸೆಯನ್ನು ವಾಗ್ದಾನದ ಖಾತೆಗೆ ಬರೆದುಕೊಂಡವರು.

ಯೆರೆಮೀಯ 29:11ನ್ನೇ ನೋಡಿ. ಗೋಡೆಗೆ ತೂಗುಹಾಕುವ ವಚನ ಅದು, ಹಿತದ ಯೋಚನೆಗಳು, ನಿರೀಕ್ಷೆ. ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಯೆರೆಮೀಯ ಬರೆದ ಪತ್ರದ ಮಾತು ಅದು. ಅದರ ಹಿಂದಿನ ವಚನದಲ್ಲೇ "70 ವರ್ಷ" ಅಂತ ಇದೆ. ಅದನ್ನು ಮೊದಲು ಕೇಳಿದ ಹಿರಿಯರಲ್ಲಿ ಹೆಚ್ಚಿನವರು ಊರಿಗೆ ಮರಳುವ ದಿನ ನೋಡಲೇ ಇಲ್ಲ. ಅಷ್ಟು ಕಾಲ ಏನು ಮಾಡಬೇಕು ಅಂತಲೂ ಅದೇ ಪತ್ರದಲ್ಲಿ 5ರಿಂದ 7ನೇ ವಚನದವರೆಗೆ ಇದೆ: ಮನೆ ಕಟ್ಟಿ, ತೋಟ ಮಾಡಿ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ಸೆರೆಹೋದ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಉತ್ತರ ಬರುವ ತನಕ ಬದುಕನ್ನು ಮಡಚಿ ಪೆಟ್ಟಿಗೆಯಲ್ಲಿಡಬೇಡಿ ಅನ್ನುವುದಕ್ಕೆ ಇದಕ್ಕಿಂತ ನೇರವಾದ ಮಾತು ಸತ್ಯವೇದದಲ್ಲಿ ನನಗೆ ಕಾಣುವುದಿಲ್ಲ.

ಅದರ ಹಿಂದಿನ ಅಧ್ಯಾಯವನ್ನೂ ಓದಿ. ಹನನ್ಯ ಅನ್ನುವವನು "ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ" ಅಂತ ದೇವಾಲಯದಲ್ಲಿ ಎಲ್ಲರೆದುರು ಸಾರಿದ (28:3). ಜನಕ್ಕೆ ಹಿತವಾಗಿತ್ತು, ಸುಳ್ಳಾಗಿತ್ತು. ಇಂದು ಯಾರಾದರೂ ತಲೆಯ ಮೇಲೆ ಕೈಯಿಟ್ಟು "ಮೂರು ತಿಂಗಳೊಳಗೆ ಆಗುತ್ತದೆ" ಅಂದರೆ ದಿನಾಂಕ ಬರೆದಿಡಿ, ಸುಮ್ಮನಿರಿ, ಆ ಮಾತಿನ ಮೇಲೆ ಸಾಲ ಮಾಡಬೇಡಿ.

ಸಾಸಿವೆಕಾಳು

ಬ್ರದರ್, ಅಬ್ರಹಾಮನಿಗೆ ಇದ್ದದ್ದು ಸಂತಾನದ ಸ್ಪಷ್ಟ ವಾಗ್ದಾನವೇ ಅಲ್ವಾ? ಆದರೂ ಎಡವಿದನಲ್ಲ?

ಬೆರೋಯದ ಓದುಗ

ಹೌದು, ಎಡವಿದ್ದು ಎಲ್ಲಿ ಅನ್ನುವುದನ್ನು ವಯಸ್ಸಿನ ಲೆಕ್ಕ ತೋರಿಸುತ್ತದೆ. ಖಾರಾನಿನಿಂದ ಹೊರಟಾಗ 75 (ಆದಿಕಾಂಡ 12:4). ಕಾನಾನಿನಲ್ಲಿ ಹತ್ತು ವರ್ಷ ಕಳೆದ ಮೇಲೆ ಹೆಂಡತಿ ಸಾರಯಳು (ಮುಂದೆ ಸಾರಳು) ಮಗುವಿಗಾಗಿ ತನ್ನ ದಾಸಿ ಹಾಗರಳನ್ನು ಅವನಿಗೆ ಕೊಟ್ಟಳು (16:3). ಇಷ್ಮಾಯೇಲ ಹುಟ್ಟಿದಾಗ 86. ಮುಂದಿನ ವಚನದಲ್ಲಿ ಅವನಿಗೆ ಒಮ್ಮೆಲೇ 99! ನಡುವಿನ 13 ವರ್ಷದಲ್ಲಿ ದೇವರು ಮಾತಾಡಿದ್ದು ಒಂದೂ ಬರೆದಿಲ್ಲ. ಇಸಾಕ ಹುಟ್ಟಿದಾಗ 100. ಒಟ್ಟು 25 ವರ್ಷ.

ಹಾಗರಳ ಯೋಜನೆ ಆ ಕಾಲದ ರೂಢಿಗೆ ಹೊರತಾದದ್ದೇನಲ್ಲ, ನಾಲ್ಕು ಜನ ಒಪ್ಪುವಂಥದ್ದೇ. ಅಪಾಯ ಇರುವುದು ಅಲ್ಲೇ. ತಡವಾದಾಗ ನಾವು ಹಿಡಿಯುವ ಅಡ್ಡದಾರಿ ಪಾಪದ ಹಾಗೆ ಕಾಣುವುದಿಲ್ಲ, ಬುದ್ಧಿವಂತಿಕೆಯ ಹಾಗೆ ಕಾಣುತ್ತದೆ. ಅರಸ ಸೌಲನದೂ ಇದೇ ಕಥೆ (1 ಸಮುವೇಲ 13). ಪ್ರವಾದಿ ಸಮುವೇಲ ಹೇಳಿದ ಏಳು ದಿನ ಅವನು ಕಾದ. ಜನ ಚದರಿಹೋಗುತ್ತಿದ್ದರು, ಫಿಲಿಷ್ಟಿಯರು ಎದುರಿಗಿದ್ದರು. ತಾನೇ ಯಜ್ಞ ಮಾಡಿ ಮುಗಿಸುತ್ತಿದ್ದ ಹಾಗೇ ಸಮುವೇಲ ಬಂದ. ಅಷ್ಟು ದಿನದ ತಾಳ್ಮೆಯಲ್ಲಿ ಕೊರತೆ ಇರಲಿಲ್ಲ, ಕೊನೆಯ ಗಳಿಗೆಯಲ್ಲಿ ಕೈ ತಪ್ಪಿತು.

ದೀಪಸ್ತಂಭ

ಎಲ್ಲ ಸರಿ, ಆದರೆ ಮುಖ್ಯ ಕಾರಣವನ್ನೇ ಬಿಟ್ಟಿರಿ. "ನಂಬಿ ಕೇಳಿದ್ದೆಲ್ಲಾ ಹೊಂದುವಿರಿ" ಅಂತ ಮತ್ತಾಯ 21:22 ಹೇಳುತ್ತದೆ. ಸಂದೇಹಪಡುವವನು ಏನನ್ನೂ ಹೊಂದನು ಅಂತ ಯಾಕೋಬನೂ ಬರೆದಿದ್ದಾನೆ. ಉತ್ತರ ತಡವಾದರೆ ಮೊದಲು ನೋಡಬೇಕಾದದ್ದು ನಂಬಿಕೆಯನ್ನೇ.

ರಾತ್ರಿಕಾವಲು

ಸಹೋದರರೇ, ಇದನ್ನು ನಿಧಾನವಾಗಿ ನೋಡೋಣ. ಈ ಒಂದು ಮಾತು ಎಷ್ಟೋ ಜನರನ್ನು ಸಭೆಯಿಂದಲೇ ಹೊರಗೆ ಕಳಿಸಿದೆ. ಯಾಕೋಬ 1:6 ಇರುವುದು ಜ್ಞಾನ ಕೇಳುವ ಸಂದರ್ಭದಲ್ಲಿ, ಕೊಡುತ್ತೇನೆ ಅಂತ ದೇವರು ಮೊದಲೇ ಹೇಳಿದ ವಿಷಯದಲ್ಲಿ ಎರಡು ಮನಸ್ಸಿನವನ ಬಗ್ಗೆ. ಇನ್ನು ಮಗುವಿಗಾಗಿ ಬೇಡಿದ್ದ ಜಕರೀಯನನ್ನು ನೋಡಿ (ಲೂಕ 1). ದೇವದೂತನು "ನಿನ್ನ ಪ್ರಾರ್ಥನೆ ಕೇಳಲ್ಪಟ್ಟಿದೆ" ಅಂದಾಗಲೂ ಅವನು ನಂಬಲಿಲ್ಲ. ಮಾತು ನಿಂತುಹೋಯಿತು, ಮಗು ನಿಲ್ಲಲಿಲ್ಲ. ಅಪೊಸ್ತಲರ ಕೃತ್ಯಗಳು 12ರಲ್ಲಿ ಸಭೆಯೆಲ್ಲ ಸೆರೆಯಲ್ಲಿದ್ದ ಪೇತ್ರನಿಗಾಗಿ ಪ್ರಾರ್ಥಿಸುತ್ತಿತ್ತು. ಅವನೇ ಬಾಗಿಲು ತಟ್ಟಿದಾಗ, ಸುದ್ದಿ ತಂದ ದಾಸಿ ರೋದೆಗೆ "ನಿನಗೆ ಹುಚ್ಚು" ಅಂದರು. ಬಾಗಿಲಾಚೆ ಉತ್ತರ ನಿಂತಿದೆ, ಒಳಗೆ ನಂಬಿಕೆ ಇಲ್ಲ. ಆದರೂ ಉತ್ತರ ಬಂದಿತ್ತು.

ಪ್ರಾರ್ಥನೆಗೆ ಅಡ್ಡಿಯಾಗುವ ಸಂಗತಿಗಳನ್ನು ಸತ್ಯವೇದ ಹೆಸರಿಟ್ಟು ಹೇಳುತ್ತದೆ, ಊಹಿಸಬೇಕಾಗಿಲ್ಲ. ಭೋಗಕ್ಕಾಗಿ ಕೇಳುವುದು (ಯಾಕೋಬ 4:3), ಪಾಪವನ್ನು ಮನಸ್ಸಿನಲ್ಲಿ ಮುದ್ದಿಸಿ ಇಟ್ಟುಕೊಳ್ಳುವುದು (ಕೀರ್ತನೆ 66:18), ಕ್ಷಮಿಸದೆ ನಿಲ್ಲುವುದು (ಮಾರ್ಕ 11:25), ಗಂಡ ಹೆಂಡತಿಯನ್ನು ಗೌರವಿಸದಿರುವುದು (1 ಪೇತ್ರ 3:7). ಕೊನೆಯದನ್ನು ಗಂಡಸರು ದಯವಿಟ್ಟು ಎರಡು ಸಲ ಓದಿ. ಈ ನಾಲ್ಕನ್ನು ಮುಂದಿಟ್ಟುಕೊಂಡು ಅರ್ಧ ಗಂಟೆ ಕುಳಿತು ಪರೀಕ್ಷಿಸಿಕೊಳ್ಳಿ. ನಿರ್ದಿಷ್ಟವಾಗಿ ಏನಾದರೂ ಕಂಡರೆ ಅರಿಕೆಮಾಡಿ, ಯಾರಿಗಾದರೂ ಕ್ಷಮೆ ಕೇಳಬೇಕಿದ್ದರೆ ಅದೇ ವಾರ ಕೇಳಿ. ಏನೂ ಕಾಣದಿದ್ದರೆ ಅಲ್ಲಿಗೆ ಬಿಡಿ. ದಿನವೂ ತನ್ನನ್ನೇ ಅಗೆಯುತ್ತಾ ಕೂರುವುದು ಪರೀಕ್ಷೆ ಅಲ್ಲ, ಬಿತ್ತಿದ ಬೀಜವನ್ನು ದಿನಾ ಕೆದಕಿ ನೋಡಿದ ಹಾಗೆ.

ದೀಪಸ್ತಂಭ

ರೋದೆಯ ವಿಷಯ ಒಪ್ಪುತ್ತೇನೆ, ಆ ಕೋನದಿಂದ ಓದಿರಲಿಲ್ಲ. ಆದರೆ ನಂಬಿಕೆಗೆ ಜಾಗವೇ ಇಲ್ಲ ಅನ್ನಬಾರದು.

ರಾತ್ರಿಕಾವಲು

ಖಂಡಿತ ಇದೆ. ಸಾಸಿವೆಕಾಳಿನಷ್ಟಿದ್ದರೂ ಸಾಕು ಅಂದವರು ಕರ್ತನೇ. ನಂಬಿಕೆಯ ತೂಕಕ್ಕಿಂತ ಅದು ಯಾರ ಮೇಲಿದೆ ಅನ್ನುವುದು ದೊಡ್ಡದು.

ಹಿಂಗಾರು

ಹಬಕ್ಕೂಕ 2:3ರ ಬಗ್ಗೆ ಯಾರಾದರೂ ಬರೆಯಿರಿ. "ತಡವಾದರೂ ಅದಕ್ಕೆ ಕಾದಿರು, ಅದು ಬಂದೇ ಬರುವುದು, ತಾಮಸವಾಗದು." ತಡವಾಗುತ್ತದೆ ಅಂತಲೂ ತಡವಾಗದು ಅಂತಲೂ ಒಂದೇ ವಚನದಲ್ಲಿ ಇದೆಯಲ್ಲ?

ಬೆರೋಯದ ಓದುಗ

ಮೂಲ ಹೀಬ್ರೂವಿನಲ್ಲಿ ಅಲ್ಲಿರುವುದು ಎರಡು ಬೇರೆ ಕ್ರಿಯಾಪದಗಳು. ಮೊದಲನೆಯದು ಸಾವಕಾಶ ಮಾಡುವುದು, ನಿಂತು ನಿಂತು ಬರುವುದು. ಎರಡನೆಯದು ಗೊತ್ತುಮಾಡಿದ ಹೊತ್ತು ಮೀರುವುದು. ದಾರಿ ನೋಡುವವನ ಕಣ್ಣಿಗೆ ಅದು ಸಾವಕಾಶ, ಕಳಿಸಿದವನ ಲೆಕ್ಕದಲ್ಲಿ ಹೊತ್ತು ಮೀರಿಲ್ಲ. ಒಂದು ಎಚ್ಚರಿಕೆ ಮಾತ್ರ: ಅಲ್ಲಿ ಬರಬೇಕಾದದ್ದು ದೇವರು ಹಲಗೆಗಳ ಮೇಲೆ ಬರೆಯಿಸಿದ ದರ್ಶನ. ನಮ್ಮ ಪಟ್ಟಿಯ ಪ್ರತಿಯೊಂದು ವಿಜ್ಞಾಪನೆಗೂ ಅದನ್ನು ಅಂಟಿಸಲಾಗದು. ಆತನು ಹೊತ್ತು ತಪ್ಪುವವನಲ್ಲ ಅನ್ನುವ ಸ್ವಭಾವ ಮಾತ್ರ ಎಲ್ಲಕ್ಕೂ ಅನ್ವಯಿಸುತ್ತದೆ.

ತಡಕ್ಕೆ ಕಾರಣ ಹೇಳಿದ ಜಾಗಗಳು ಕೆಲವೇ. ನನಗೆ ತುಂಬ ಹಿಡಿಸುವುದು ವಿಮೋಚನಕಾಂಡ 23:29-30. ಶತ್ರುಗಳನ್ನು ಒಂದೇ ವರ್ಷದಲ್ಲಿ ಓಡಿಸುವುದಿಲ್ಲ, ಹಾಗೆ ಮಾಡಿದರೆ ದೇಶ ಪಾಳುಬಿದ್ದು ಕಾಡುಮೃಗಗಳು ಹೆಚ್ಚುತ್ತವೆ, ನೀವು ಹೆಚ್ಚಿದ ಹಾಗೆಲ್ಲ ಸ್ವಲ್ಪ ಸ್ವಲ್ಪವಾಗಿ ಓಡಿಸುತ್ತೇನೆ ಅನ್ನುತ್ತಾರೆ ದೇವರು. ಕೊಡುವ ಮನಸ್ಸಿಗೆ ಕೊರತೆ ಇಲ್ಲ, ತೆಗೆದುಕೊಳ್ಳುವವರ ಸಂಖ್ಯೆ ಸಾಲದು. ದಾನಿಯೇಲ 10ರಲ್ಲಿ ಕಾರಣ ಇನ್ನೊಂದು. ಮೊದಲ ದಿನವೇ ಪ್ರಾರ್ಥನೆ ಕೇಳಿಯಾಗಿತ್ತು, ದಾರಿಯಲ್ಲಿ ಹೋರಾಟ ನಡೆದು ದೂತ ತಲುಪಲು 21 ದಿನ ಹಿಡಿಯಿತು, ಆ ಹೋರಾಟ ದಾನಿಯೇಲನ ಕಣ್ಣಿಗೆ ಬೀಳಲೇ ಇಲ್ಲ. ಯೋಬನಿಗಂತೂ ತನ್ನ ಕಷ್ಟಗಳ ಕಾರಣ ಕೊನೆಗೂ ತಿಳಿಸಲಿಲ್ಲ. ಆದ್ದರಿಂದ "ನಿಮ್ಮ ವಿಷಯದಲ್ಲಿ ದೇವರು ತಡಮಾಡಿದ್ದು ಇದಕ್ಕೇ" ಅಂತ ಇನ್ನೊಬ್ಬರಿಗೆ ಹೇಳುವ ಅಧಿಕಾರ ನಮಗಿಲ್ಲ.

ಜಪಸರ

ಪ್ರಭುವಿನಲ್ಲಿ ಪ್ರೀತಿಯ ನಮಸ್ಕಾರ. ಕಥೋಲಿಕರ ಬೈಬಲಿನಲ್ಲಿರುವ ಜೂಡಿತ್ ಗ್ರಂಥದ 8ನೇ ಅಧ್ಯಾಯ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮುತ್ತಿಗೆಯಲ್ಲಿ ನೀರು ಮುಗಿಯುತ್ತಿದ್ದಾಗ ಊರಿನ ಹಿರಿಯರು "ಐದು ದಿನ ನೋಡೋಣ, ದೇವರು ಸಹಾಯ ಮಾಡದಿದ್ದರೆ ಶರಣಾಗೋಣ" ಅಂದರು. ಜೂಡಿತ್ ಅವರನ್ನು ಕರೆಸಿ, ಸರ್ವೇಶ್ವರನಿಗೆ ಗಡುವು ಹಾಕಲು ನೀವು ಯಾರು ಅಂತ ಕೇಳಿದಳು. ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಮಾಡುವವರು ಇದನ್ನು ಮರೆಯಬಾರದು. ಒಂಬತ್ತು ದಿನ ಬಂದದ್ದು ಪ್ರಭುವಿನ ಸ್ವರ್ಗಾರೋಹಣಕ್ಕೂ ಪವಿತ್ರಾತ್ಮರ ಆಗಮನಕ್ಕೂ ನಡುವೆ ಪ್ರೇಷಿತರು (ಅಪೊಸ್ತಲರು) ಕೂಡಿ ಪ್ರಾರ್ಥಿಸಿದ ದಿನಗಳಿಂದ. ಹತ್ತನೆಯ ದಿನ ಉತ್ತರ ಬಂದೇ ಬರಬೇಕು ಅನ್ನುವ ಕರಾರು ಅದರಲ್ಲಿಲ್ಲ. ಮನಸ್ಸು ಚೆದರದಂತೆ ಕಟ್ಟಿಕೊಂಡ ದಿನಕ್ರಮ ಅದು.

ಸಂತ ಮೋನಿಕಾರ ವಿಷಯದಲ್ಲಿ ಜನ ಕಣ್ಣೀರನ್ನಷ್ಟೇ ನೆನೆಯುತ್ತಾರೆ. ಮಗ ಅಗಸ್ಟೀನ್ ಸಮುದ್ರ ದಾಟಿ ರೋಮಿಗೆ ಹೋಗದಿರಲಿ ಅಂತ ಅವರು ಒಂದು ರಾತ್ರಿಯೆಲ್ಲ ಅತ್ತು ಪ್ರಾರ್ಥಿಸಿದರು. ಅದೇ ರಾತ್ರಿ ಮಗ ಅವರಿಗೆ ಸುಳ್ಳು ಹೇಳಿ ಹಡಗು ಹತ್ತಿದ. ಪ್ರಾರ್ಥನೆ ಸೋತಿತು ಅನ್ನಿಸಬೇಕು. ಆದರೆ ರೋಮಿನಿಂದ ಮಿಲಾನಿಗೆ ಹೋದ, ಅಲ್ಲಿ ಧರ್ಮಾಧ್ಯಕ್ಷ ಅಂಬ್ರೋಸರ ಬೋಧನೆ ಕೇಳಿದ, 387ರ ಪಾಸ್ಕ (ಈಸ್ಟರ್) ಹಬ್ಬದಲ್ಲಿ ಅವರ ಕೈಯಿಂದಲೇ ಜ್ಞಾನಸ್ನಾನ ಪಡೆದ. ತಾಯಿ ಯಾವಾಗಲೂ ಕೇಳುತ್ತಿದ್ದುದನ್ನು ಕೊಡುವುದಕ್ಕಾಗಿ ಆ ರಾತ್ರಿ ಕೇಳಿದ್ದನ್ನು ದೇವರು ಕೊಡಲಿಲ್ಲ ಅನ್ನುವ ಅರ್ಥದಲ್ಲಿ ಅಗಸ್ಟೀನರೇ ಬರೆದಿಟ್ಟಿದ್ದಾರೆ. ಅದೇ ವರ್ಷ ಮೋನಿಕಾ ತೀರಿಕೊಂಡರು, ನೋಡಿಯೇ ಹೋದರು.

ಸಾಸಿವೆಕಾಳು

ಎಲ್ಲರೂ ನೋಡಿಯೇ ಹೋಗುವುದಿಲ್ಲವಲ್ಲ ಅಕ್ಕ. ಇಬ್ರಿಯ 11:13.

ಜಪಸರ

ನಿಜ. ಅಲ್ಲಿರುವವರು ವಾಗ್ದಾನವನ್ನು ದೂರದಿಂದ ನೋಡಿ ವಂದಿಸಿದವರು. ಅದನ್ನೂ ಬೋಧಿಸಬೇಕು.

ರಾತ್ರಿಕಾವಲು

ಅಭ್ಯಾಸದ ಮಾತಿಗೆ ಬರುತ್ತೇನೆ. ಪ್ರಾರ್ಥನೆಯ ಪುಸ್ತಕ ಇಡುವವರಿಗೆ: ಎಡಪುಟದಲ್ಲಿ ದಿನಾಂಕ, ವಿಜ್ಞಾಪನೆ ಒಂದು ವಾಕ್ಯ, ಆಧಾರ ವಚನ, ಈ ವಿಷಯದಲ್ಲಿ ನನ್ನ ಪಾಲಿನ ಕೆಲಸ ಇವನ್ನು ಬರೆಯಿರಿ. ಬಲಪುಟ ಖಾಲಿ ಇರಲಿ. "ಕುಟುಂಬವನ್ನು ಆಶೀರ್ವದಿಸು" ಅಂತ ಬರೆದರೆ ಉತ್ತರ ಬಂದರೂ ಗುರುತು ಸಿಗುವುದಿಲ್ಲ. "ಅಣ್ಣ ತಮ್ಮಂದಿರು ಮತ್ತೆ ಮಾತಾಡುವಂತಾಗಲಿ" ಅಂತ ಬರೆಯಿರಿ. ನನ್ನ ಪಾಲು: ಇಬ್ಬರಲ್ಲಿ ಒಬ್ಬರ ದೂರನ್ನು ಇನ್ನೊಬ್ಬರಿಗೆ ಮುಟ್ಟಿಸದಿರುವುದು. ಒಂದು ದಿನಕ್ಕೆ ಐದಾರು ವಿಜ್ಞಾಪನೆ ಸಾಕು. ಉಳಿದವನ್ನು ವಾರದ ಬೇರೆ ದಿನಗಳಿಗೆ ಹಂಚಿ, ಇಲ್ಲದಿದ್ದರೆ ಪ್ರಾರ್ಥನೆ ಹಾಜರಿ ಕೂಗಿದ ಹಾಗಾಗುತ್ತದೆ. ಬಲಪುಟವನ್ನು ತಿಂಗಳಿಗೊಮ್ಮೆ ಮಾತ್ರ ತುಂಬಿ. ಅರ್ಧ ಉತ್ತರ ಬಂದಿದ್ದರೆ ಅದನ್ನೂ, ಕೇಳಿದ್ದಕ್ಕೆ ಬದಲಾಗಿ ಇನ್ನೇನೋ ಆಗಿದ್ದರೆ ಅದನ್ನೂ ಬರೆಯಿರಿ. ಆರು ತಿಂಗಳಿಗೊಮ್ಮೆ ಎಡಪುಟದ ವಾಕ್ಯವನ್ನು ನೋಡದೆ, ಇವತ್ತಿನ ಮಾತಿನಲ್ಲಿ ಹೊಸದಾಗಿ ಬರೆದು ಹಳೆಯದರ ಜೊತೆ ಹೋಲಿಸಿ. ಎಷ್ಟೋ ಸಲ ವಿಜ್ಞಾಪನೆಯೇ ಬದಲಾಗಿರುತ್ತದೆ, ನಮಗೆ ಗೊತ್ತಾಗಿರುವುದಿಲ್ಲ.

ಬ್ರಿಸ್ಟಲಿನಲ್ಲಿ ಅನಾಥಾಲಯಗಳನ್ನು ನಡೆಸಿದ ಜಾರ್ಜ್ ಮುಲ್ಲರ್ 1844ರ ನವೆಂಬರಿನಲ್ಲಿ ಐದು ಜನರ ರಕ್ಷಣೆಗಾಗಿ ದಿನವೂ ಪ್ರಾರ್ಥಿಸಲು ತೊಡಗಿದರು. ಮೊದಲನೆಯವರು ಕ್ರಿಸ್ತನ ಕಡೆಗೆ ತಿರುಗಲು 18 ತಿಂಗಳು, ಎರಡನೆಯವರಿಗೆ ಇನ್ನೈದು ವರ್ಷ, ಮೂರನೆಯವರಿಗೆ ಮತ್ತೆ ಆರು ವರ್ಷ ಹಿಡಿಯಿತು. ಇಷ್ಟು ಕರಾರುವಾಕ್ಕಾಗಿ ಹೇಳಲು ಅವರಿಗೆ ಸಾಧ್ಯವಾದದ್ದು ದಿನಾಂಕ ಬರೆದಿಟ್ಟದ್ದರಿಂದ.

ಅತ್ತಿಹಣ್ಣು

ಉಪವಾಸದ ಬಗ್ಗೆ ಯಾರೂ ಹೇಳಲಿಲ್ಲ. ಉತ್ತರ ತಡವಾದಾಗ ಜನ ಮೊದಲು ಕೈಹಾಕುವುದು ಇದಕ್ಕೇ. "ದಾನಿಯೇಲನ ಉಪವಾಸ" ಅಂತ 21 ದಿನ ಅನ್ನ ನೀರು ಬಿಡಲು ಹೊರಡುವವರಿದ್ದಾರೆ. ದಾನಿಯೇಲ 10:3 ಓದಿ. ಅವನು ಬಿಟ್ಟದ್ದು ರುಚಿಯಾದ ಊಟ, ಮಾಂಸ, ದ್ರಾಕ್ಷಾರಸ. ನೀರನ್ನು ಬಿಟ್ಟಿರಲಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಊಟ ಬಿಡಬಾರದು. ಸಕ್ಕರೆ ಪ್ರಮಾಣ ಕುಸಿದು ಪ್ರಜ್ಞೆ ತಪ್ಪಬಹುದು. ಅಂಥವರು ಬೇರೆ ಏನನ್ನಾದರೂ ಬಿಡಲಿ, ಸಂಜೆಯ ಒಂದು ಗಂಟೆ ಫೋನ್ ಬಿಟ್ಟರೂ ಆದೀತು. ಉಪವಾಸವು ದೇವರ ಕೈ ತಿರುಚುವ ಸಾಧನ ಅಲ್ಲ ಅನ್ನುವುದು ಯೆಶಾಯ 58ರಲ್ಲೇ ಇದೆ.

ಸ್ವಸ್ಥತೆಗಾಗಿ ಕಾಯುವವರು ಔಷಧಿ ನಿಲ್ಲಿಸಬೇಡಿ. ಸಾಯುವಂತಾಗಿದ್ದ ಅರಸ ಹಿಜ್ಕೀಯ ಅತ್ತು ಪ್ರಾರ್ಥಿಸಿದ, 15 ವರ್ಷ ಆಯುಷ್ಯ ಕೂಡಿಸುತ್ತೇನೆ ಅಂತ ದೇವರ ಉತ್ತರವೂ ಬಂತು. ಅದಾದ ಮೇಲೂ ಯೆಶಾಯ ಅಂಜೂರದ ಹಣ್ಣಿನ ಮುದ್ದೆ ತರಿಸಿ ಹುಣ್ಣಿಗೆ ಕಟ್ಟಿಸಿದ (2 ಅರಸುಗಳು 20:7). ಕಾದು ಕಾದು ನಿದ್ದೆ ಊಟ ಎರಡೂ ವಾರಗಟ್ಟಲೆ ಕೆಟ್ಟಿದ್ದರೆ, ಸಾಯಬೇಕು ಅನ್ನಿಸಿದರೆ ಅದನ್ನು ಆತ್ಮಿಕ ಸೋಲು ಅಂತ ಮುಚ್ಚಿಡದೆ ಅದೇ ದಿನ ಯಾರಿಗಾದರೂ ಹೇಳಿ, ಡಾಕ್ಟರ ಬಳಿ ಹೋಗಿ. ಪ್ರವಾದಿ ಎಲೀಯನೂ ಸಾವು ಬೇಡಿದ್ದ. ದೂತ ಅವನಿಗೆ ಪ್ರಸಂಗ ಮಾಡಲಿಲ್ಲ. ಎರಡು ಸಲ ಎಬ್ಬಿಸಿ ಊಟ ಕೊಟ್ಟ, ನಡುವೆ ಮಲಗಲು ಬಿಟ್ಟ.

ಇನ್ನೊಂದು. "ಇಷ್ಟು ಕಾಣಿಕೆ ಕೊಟ್ಟರೆ ಉತ್ತರ ಬೇಗ ಬರುತ್ತದೆ" ಅನ್ನುವವರ ಮಾತಿಗೆ ಅಪೊಸ್ತಲರ ಕೃತ್ಯಗಳು 8:20ರಲ್ಲಿ ದೇವರ ವರವನ್ನು ಹಣಕ್ಕೆ ಕೊಳ್ಳಲು ಬಂದ ಸಿಮೋನನಿಗೆ ಪೇತ್ರ ಕೊಟ್ಟ ಉತ್ತರವೇ ಉತ್ತರ: ನಿನ್ನ ಹಣ ನಿನ್ನ ಸಂಗಡಲೇ ಹಾಳಾಗಲಿ.

ಹಿಂಗಾರು

ಮತ್ತೆ ಮತ್ತೆ ಕೇಳುವುದು ಅಪನಂಬಿಕೆಯೇ ಅನ್ನುವುದು ಉಳಿಯಿತು.

ಬೆರೋಯದ ಓದುಗ

ಅಲ್ಲ. ಮಳೆ ಕೊಡುತ್ತೇನೆ ಅಂತ ದೇವರು ಎಲೀಯನಿಗೆ ಮೊದಲೇ ಹೇಳಿದ್ದರು (1 ಅರಸುಗಳು 18:1). ಆದರೂ ಅವನು ತಲೆಬಾಗಿ ಕೂತು ಸೇವಕನನ್ನು ಏಳು ಸಲ ಸಮುದ್ರದ ಕಡೆ ನೋಡಲು ಕಳಿಸಿದ. ಆರು ಸಲ ಬಂದ ವರದಿ "ಏನೂ ಇಲ್ಲ". ಏಳನೆಯ ಸಲ ಅಂಗೈಯಷ್ಟು ಮೋಡ. ಗೆತ್ಸೆಮನೆಯಲ್ಲಿ ಕರ್ತನು ಮೂರು ಸಲ ಅದೇ ಮಾತುಗಳಲ್ಲಿ ಪ್ರಾರ್ಥಿಸಿದರು ಅಂತ ಮತ್ತಾಯ 26:44 ಸ್ಪಷ್ಟವಾಗಿ ಹೇಳುತ್ತದೆ. ಬಹಳ ಮಾತಾಡಿದ್ದರಿಂದಲೇ ದೇವರು ಕೇಳುತ್ತಾನೆ ಅನ್ನುವ ಎಣಿಕೆಯನ್ನು ಆತನು ಖಂಡಿಸಿದ್ದು, ಮರಳಿ ಕೇಳುವುದನ್ನಲ್ಲ. ಲೂಕ 18ರಲ್ಲಿ ಅನ್ಯಾಯಗಾರ ನ್ಯಾಯಾಧಿಪತಿಯನ್ನು ಬಿಡದೆ ಬೇಡಿದ ವಿಧವೆಯ ಸಾಮ್ಯವನ್ನೂ ಜನ ತಿರುವಿ ಓದುತ್ತಾರೆ. ದೇವರು ಆ ನ್ಯಾಯಾಧಿಪತಿಯ ಹಾಗೆ ಅಂತಲ್ಲ. ಅಂಥ ಅನ್ಯಾಯಗಾರನೇ ಕೊನೆಗೆ ನ್ಯಾಯ ಕೊಟ್ಟರೆ ತಂದೆ ಕೊಡದಿರುವನೇ ಅನ್ನುವುದು ಅಲ್ಲಿನ ವಾದ.

ಗೆತ್ಸೆಮನೆಯ ಪ್ರಾರ್ಥನೆಯ ಕ್ರಮ ಗಮನಿಸಿ (ಮಾರ್ಕ 14:36): ತಂದೆಯೇ; ನಿನಗೆ ಎಲ್ಲವೂ ಸಾಧ್ಯ; ಈ ಪಾತ್ರೆಯನ್ನು ತೆಗೆ; ಆದರೂ ನಿನ್ನ ಚಿತ್ತ. ನಾವು ಮೂರನೆಯದನ್ನು ಹಾರಿಸಿ ನೇರ ನಾಲ್ಕನೆಯದಕ್ಕೆ ಹೋಗುತ್ತೇವೆ. ಅದು ಭಕ್ತಿಯ ಹಾಗೆ ಕಾಣುತ್ತದೆ, ಆದರೆ ಎಷ್ಟೋ ಸಲ ನಿರಾಶೆಗೆ ಹೆದರಿ ಕೇಳದೇ ಇರುವುದು. ಕೇಳಿ. ಆಮೇಲೆ ಒಪ್ಪಿಸಿ.

ನಿಲ್ಲಿಸುವುದು ಯಾವಾಗ? ಸತ್ಯವೇದದಲ್ಲಿ ಮೂರು ಜನ ನಿಲ್ಲಿಸಿದ್ದಾರೆ. ಯೊರ್ದನನ್ನು ದಾಟಲು ಬೇಡಿದ ಮೋಶೆಗೆ "ಸಾಕು, ಈ ವಿಷಯ ಇನ್ನು ಎತ್ತಬೇಡ" ಅನ್ನುವ ಉತ್ತರ ಬಂತು (ಧರ್ಮೋಪದೇಶಕಾಂಡ 3:26). ದಾವೀದ ಮಗುವಿಗಾಗಿ ಉಪವಾಸವಿದ್ದ, ಏಳನೆಯ ದಿನ ಮಗು ತೀರಿಕೊಂಡಿತು, ಎದ್ದು ಸ್ನಾನಮಾಡಿ ಆರಾಧಿಸಿ ಊಟಮಾಡಿದ. ಶರೀರದಲ್ಲಿ ನಾಟಿದ ಮುಳ್ಳು ತೊಲಗಲಿ ಅಂತ ಪೌಲ ಮೂರು ಸಲ ಬೇಡಿದ, "ನನ್ನ ಕೃಪೆಯೇ ನಿನಗೆ ಸಾಕು" ಅನ್ನುವ ಮಾತು ಸಿಕ್ಕಿತು. ಮೂವರಿಗೂ ಸಿಕ್ಕಿದ್ದು ಸ್ಪಷ್ಟ ಉತ್ತರ, ಇಲ್ಲವೇ ಬಾಗಿಲು ಮುಚ್ಚಿದ ಘಟನೆ. ಬೇಸರ ಬಂದದ್ದಕ್ಕೆ ನಿಲ್ಲಿಸಿದವರು ಅಲ್ಲಿಲ್ಲ. ನೀವು ಬೇಡುತ್ತಿದ್ದ ವ್ಯಕ್ತಿಗೆ ಬೇರೊಬ್ಬರೊಂದಿಗೆ ಮದುವೆಯಾಗಿದ್ದರೆ ಅದು ತಡವಲ್ಲ, ಉತ್ತರ. ಆ ಹೆಸರನ್ನು ಪುಸ್ತಕದಿಂದ ತೆಗೆಯಿರಿ.

ಸಾಸಿವೆಕಾಳು

ಪ್ರಾರ್ಥಿಸಲು ಮಾತೇ ಬಾರದವರಿಗೆ?

ರಾತ್ರಿಕಾವಲು

ಕೀರ್ತನೆ 13. ಆರೇ ವಚನ. ಮೊದಲ ಎರಡರಲ್ಲಿ "ಎಷ್ಟರವರೆಗೆ" ಅನ್ನುವ ಕೂಗು ನಾಲ್ಕು ಸಲ ಬರುತ್ತದೆ, ಮರೆತೆಯಾ ಅಂತ ದೇವರನ್ನೇ ಕೇಳುವ ದೂರು ಅದು. ಮುಂದಿನ ಎರಡು ಬೇಡಿಕೆ: ನೋಡು, ಉತ್ತರಕೊಡು, ಕಣ್ಣಿಗೆ ಬೆಳಕು ಕೊಡು. ಕೊನೆಯ ಎರಡು ಭರವಸೆ. ಒಂದು ಹಾಳೆಯಲ್ಲಿ ಮೂರು ಭಾಗ ಮಾಡಿ, ಪ್ರತಿ ಭಾಗಕ್ಕೂ ಎರಡೇ ವಾಕ್ಯ ನಿಮ್ಮ ಮಾತಿನಲ್ಲಿ ಬರೆದು ಗಟ್ಟಿಯಾಗಿ ಓದಿ. ಹತ್ತು ನಿಮಿಷ ಸಾಕು. ಮೂರನೆಯ ಭಾಗಕ್ಕೆ ಮಾತು ಹೊರಡದಿದ್ದರೆ ಬಲವಂತ ಬೇಡ, ಖಾಲಿ ಬಿಡಿ. ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಸತ್ಯವೇದದಲ್ಲಿದೆ.

ಹಿಂಗಾರು

ಕೊನೆಯದಾಗಿ, ಹೀಗೆ ಕಾಯುತ್ತಿರುವವರ ಜೊತೆ ನಾವು ಮಾತಾಡುವುದು ಹೇಗೆ?

ಜಪಸರ

ಯೋವಾನ್ನ (ಯೋಹಾನ) 11ನ್ನು ಅವರ ಜೊತೆ ಕೂತು ಓದಬಹುದು. ಗೆಳೆಯ ಲಾಸರನಿಗೆ ಕಾಯಿಲೆ ಅನ್ನುವ ಸುದ್ದಿ ಬಂದ ಮೇಲೂ ಪ್ರಭು ಎರಡು ದಿನ ತಾವಿದ್ದಲ್ಲೇ ಉಳಿದರು. ತಲುಪಿದಾಗ ಲಾಸರನು ಸಮಾಧಿಯಲ್ಲಿ ನಾಲ್ಕು ದಿನ ಕಳೆದಿದ್ದ. ಬೈಬಲ್ ವ್ಯಾಖ್ಯಾನಕಾರರು ಸಾಮಾನ್ಯವಾಗಿ ಹಾಕುವ ಲೆಕ್ಕ ಹೀಗೆ: ದೂತರು ಬರಲು ಒಂದು ದಿನ, ಪ್ರಭು ಉಳಿದ ಎರಡು ದಿನ, ಹೋಗಲು ಒಂದು ದಿನ. ಅಂದರೆ ಸುದ್ದಿ ತಲುಪುವ ಹೊತ್ತಿಗೇ ಲಾಸರ ತೀರಿಹೋಗಿರಬೇಕು. ತಕ್ಷಣ ಹೊರಟಿದ್ದರೂ ಸಮಾಧಿಯ ಬಳಿಗೇ ಬರಬೇಕಿತ್ತು. ಅವನ ಅಕ್ಕತಂಗಿಯರಿಬ್ಬರೂ "ನೀವು ಇಲ್ಲಿ ಇದ್ದಿದ್ದರೆ" ಅಂದರು. ಪ್ರಭು ಇಬ್ಬರನ್ನೂ ಗದರಿಸಲಿಲ್ಲ. ಮಾರ್ತಳ ಜೊತೆ ಪುನರುತ್ಥಾನದ ಮಾತಾಡಿದರು, ಮರಿಯಳ ಜೊತೆ ಅತ್ತರು. ಒಂದೇ ದೂರು, ಎರಡು ಬಗೆಯ ಸಾಂತ್ವನ.

ಅತ್ತಿಹಣ್ಣು

"ಎಲ್ಲವೂ ಒಳ್ಳೆಯದಕ್ಕೇ" ಅಂತ ಮಾತು ಶುರುಮಾಡಬೇಡಿ. ಮಕ್ಕಳಿಲ್ಲದ ದಂಪತಿಗೆ ಸಾರಳ ಕಥೆ ಹೊಸದಾಗಿ ಹೇಳುವ ಅಗತ್ಯವಿಲ್ಲ, ಅವರಿಗೆ ಅದು ಬಾಯಿಪಾಠ ಬರುತ್ತದೆ. ಯೋಬನ ಗೆಳೆಯರು ಏಳು ದಿನ ಸುಮ್ಮನೆ ನೆಲದ ಮೇಲೆ ಕೂತಿದ್ದರು, ಅಲ್ಲಿಯವರೆಗೆ ಚೆನ್ನಾಗಿಯೇ ಮಾಡಿದರು. "ಈ ವಾರ ನಿಮಗಾಗಿ ಯಾವ ಮಾತಿನಲ್ಲಿ ಪ್ರಾರ್ಥಿಸಲಿ?" ಅಂತ ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. ಪರೀಕ್ಷೆಯ ಫಲಿತಾಂಶ, ಡಾಕ್ಟರ ಭೇಟಿ, ತೀರಿಕೊಂಡವರ ದಿನ ಇಂಥ ತಾರೀಖುಗಳನ್ನು ಕೇಳಿ ಗುರುತು ಹಾಕಿಕೊಳ್ಳಿ. ಆ ದಿನ ಬೆಳಿಗ್ಗೆ ಫೋನ್ ಮಾಡಿ. ಏನಾಯಿತು ಅಂತ ವಿಚಾರಿಸುವುದಕ್ಕಲ್ಲ, ನೆನಪಿದೆ ಅಂತ ತಿಳಿಸುವುದಕ್ಕೆ.